ಬಿಡುವಿನ ವಿದ್ಯೆ: ಪುಟ್ಟ ಕ್ಯಾಮರಾ, ಪೂಜೆಯ ಬೆಳಕು

ಊರು ಬಿಟ್ಟು ದೂರ ನೆಲಸಿದ ಕನ್ನಡ ಸಂಸಾರಗಳಿಗೆ ಛಾಯಾಚಿತ್ರವೆಂಬುದು ಬರಿಯ ಷೋಕಿಯ ವಸ್ತುವಲ್ಲ. ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳ ಬೆಳವಣಿಗೆ ತಿಳಿಯುವುದು ಬಹುಮಟ್ಟಿಗೆ ಅದರಿಂದಲೇ. ದಸರೆಗೆ ರಜ ಸಿಕ್ಕದೆ, ಸಿಕ್ಕಿದರೂ ರೈಲಿನಲ್ಲಿ ಸ್ಥಳ ದೊರೆಯದೆ, ನಮ್ಮಲ್ಲಿ ಎಷ್ಟೋ ಜನ ಹಬ್ಬವನ್ನು ಇಲ್ಲಿಯೇ ಕಳೆಯುತ್ತೇವೆ. ನಮ್ಮ ಬದಲಿಗೆ ಊರಿಗೆ ಹೋಗುವುದು ನಮ್ಮ ಪಟ. ಆ ಪಟವನ್ನು ಕೈಗೆ ತೆಗೆದುಕೊಂಡ ಹಿರಿಯರು ಮೊದಲು ಹುಡುಕುವುದು ಮಂಟಪವನ್ನಲ್ಲ, ದೀಪಾಲಂಕಾರವನ್ನೂ ಅಲ್ಲ, ಮಗುವಿನ ಮುಖವನ್ನು. ಆ ಮುಖವೇ ಮಸಿಯಾಗಿ ಬಂದಿದ್ದರೆ ಕೇಳುವ ಪ್ರಶ್ನೆ ಒಂದೇ: “ಕಲ್ಕತ್ತೆಯ ಬಿಸಿಲಿಗೆ ಕೂಸು ಇಷ್ಟು ಕಪ್ಪಾಯಿತೇ? ಹೊಟ್ಟೆಗೆ ಸರಿಯಾಗಿ ಹಾಕುತ್ತೀರೋ ಇಲ್ಲವೋ?” ಇದಕ್ಕೆ ಸೊಸೆಯಾದವಳು ಏನು ಉತ್ತರ ಕೊಟ್ಟಾಳು! ತಪ್ಪು ಬಿಸಿಲಿನದಲ್ಲ, ಸೊಸೆಯದಂತೂ ಅಲ್ಲವೇ ಅಲ್ಲ. ಕ್ಯಾಮರಾ ಬೆಳಕನ್ನು ಅಳೆದ ರೀತಿ ಹಾಗೆ.

ಆದುದರಿಂದ ಹಬ್ಬದ ಮುಂಚಿನ ಈ ಸಂಚಿಕೆಯಲ್ಲಿ, ಜೇಬಿನಲ್ಲಿ ಹಿಡಿಸುವ ಪುಟ್ಟ ಡಿಜಿಟಲ್ ಕ್ಯಾಮರಾದಲ್ಲಿ ಬೆಳಕನ್ನು ಹದಗೊಳಿಸುವುದು ಹೇಗೆಂಬುದನ್ನು ವಿಚಾರಿಸೋಣ. ೨೦೧೦ರ ಸುಮಾರಿಗೆ ಈ ಯಂತ್ರವಿಲ್ಲದ ಮಧ್ಯಮ ವರ್ಗದ ಮನೆಯೇ ಅಪರೂಪವಾಗಿತ್ತು. ಆಮೇಲೆ ಫೋನುಗಳು ಬಂದವು. ಕ್ಯಾಮರಾ ಬೀರುವಿನ ಮೇಲರೆ ಸೇರಿತು. ಈಚೆಗೆ ಕಾಲೇಜಿನ ಹುಡುಗ ಹುಡುಗಿಯರು ಅದನ್ನೇ ಹುಡುಕಿ, ಹೊಸ ಬ್ಯಾಟರಿ ಹಾಕಿಸಿ, ಹೆಮ್ಮೆಯಿಂದ ಕೈಯಲ್ಲಿ ಹಿಡಿದು ತಿರುಗುತ್ತಿದ್ದಾರೆ. ಒಳ್ಳೆಯದೇ. ಫೋನು ನಮ್ಮನ್ನು ಕೇಳದೆ ನಾಲ್ಕಾರು ಚಿತ್ರಗಳನ್ನು ಒಟ್ಟಿಗೆ ತೆಗೆದು, ಬೆರೆಸಿ, ತಿದ್ದಿ ಕೊಡುತ್ತದೆ. ಪುಟ್ಟ ಕ್ಯಾಮರಾಕ್ಕೆ ಅಷ್ಟು ಜಾಣತನವಿಲ್ಲ; ಆದರೆ ಹೇಳಿದ ಮಾತು ಕೇಳುತ್ತದೆ. ಹೇಳುವುದನ್ನು ನಾವು ಕಲಿಯಬೇಕು.

ಗುಮಾಸ್ತೆಯ ಸರಾಸರಿ

ಕ್ಯಾಮರಾದೊಳಗೆ ಬೆಳಕನ್ನು ಅಳೆಯುವ ಒಂದು ಏರ್ಪಾಡಿದೆ. ಎದುರಿಗಿರುವುದು ದೇವಿಯೋ, ಮಗುವೋ, ಸುಣ್ಣ ಬಳಿದ ಗೋಡೆಯೋ ಅದಕ್ಕೆ ಗೊತ್ತಿಲ್ಲ. ಗೊತ್ತಿರುವುದು ಒಂದೇ ನಿಯಮ: ದೃಶ್ಯದಲ್ಲಿರುವ ಕತ್ತಲೆ ಬೆಳಕುಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಅದು ನಡುವಣ ಬೂದುಬಣ್ಣವಾಗಬೇಕು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ೧೮ ಪಾಲನ್ನು ಹಿಂದಕ್ಕೆ ಕಳುಹಿಸುವ ಬೂದು ಅದು ಎಂದು ಛಾಯಾಗ್ರಾಹಕರು ಬಹು ಹಿಂದಿನಿಂದಲೂ ಲೆಕ್ಕ ಹಿಡಿದಿದ್ದಾರೆ. ಮರ, ರಸ್ತೆ, ಮನೆ, ಮನುಷ್ಯರು ಸಮವಾಗಿ ಬೆರೆತ ಸಾಧಾರಣ ದೃಶ್ಯದಲ್ಲಿ ಈ ಲೆಕ್ಕ ಸರಿಹೋಗುತ್ತದೆ. ದೃಶ್ಯ ಅಸಾಧಾರಣವಾದರೆ ತಪ್ಪುತ್ತದೆ. ಹಬ್ಬದ ದೃಶ್ಯಗಳಾದರೋ ಎಲ್ಲವೂ ಅಸಾಧಾರಣವೇ!

ಕಚೇರಿಯ ಕಸುಬಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಬಂದ ಅರ್ಜಿಗೆಲ್ಲ ಒಂದೇ ನಿಯಮವನ್ನು ಅನ್ವಯಿಸುವ ಗುಮಾಸ್ತೆ ಅಪ್ರಾಮಾಣಿಕನಲ್ಲ. ಆದರೆ ಈ ಅರ್ಜಿದಾರನ ಸಂಗತಿ ಬೇರೆ ಎಂದು ಮೇಲಿನವರು ಅಂಚಿನಲ್ಲಿ ಒಂದು ಮಾತು ಬರೆದು ಕಳುಹಿಸದಿದ್ದರೆ ಅವನು ಮಾಡಬಲ್ಲುದೇನೂ ಇಲ್ಲ. ಕ್ಯಾಮರಾಕ್ಕೆ ಅಂಚಿನಲ್ಲಿ ಬರೆಯುವ ಟಿಪ್ಪಣಿಗೆಂದೇ ಒಂದು ಗುಂಡಿಯನ್ನು ಇಟ್ಟಿದ್ದಾರೆ.

ಕೂಡು–ಕಳೆ ಗುಂಡಿ

ಕ್ಯಾಮರಾದ ಹಿಂಬದಿಯಲ್ಲಿ ಕೂಡುವ ಮತ್ತು ಕಳೆಯುವ ಚಿಹ್ನೆಗಳೆರಡೂ ಒಟ್ಟಿಗಿರುವ ಗುಂಡಿ ಇರುತ್ತದೆ. ಇಲ್ಲವಾದರೆ ಮೆನುವಿನಲ್ಲಿ ಅದೇ ಚಿಹ್ನೆ ಸಿಕ್ಕುತ್ತದೆ. ಇದಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎಂದು ಹೆಸರು. ಒಂದು ಎಚ್ಚರಿಕೆ: ಮೇಲಿನ ತಿರುಗಣೆಯನ್ನು ಹಸಿರು ಬಣ್ಣದ ಆಟೋ ಗುರುತಿನಲ್ಲಿಟ್ಟರೆ ಬಹುಪಾಲು ಕ್ಯಾಮರಾಗಳಲ್ಲಿ ಈ ಗುಂಡಿ ಕೆಲಸ ಮಾಡದು. ‘ಪಿ’ ಅಕ್ಷರಕ್ಕೆ ತಿರುಗಿಸಿಕೊಳ್ಳಬೇಕು. ಆಗಲೂ ಉಳಿದ ಲೆಕ್ಕವನ್ನೆಲ್ಲ ಯಂತ್ರವೇ ನೋಡಿಕೊಳ್ಳುತ್ತದೆ. ನಿಮ್ಮ ಟಿಪ್ಪಣಿಯನ್ನು ಮಾತ್ರ ಪಾಲಿಸುತ್ತದೆ.

ಗುಂಡಿಯನ್ನು ಒತ್ತಿದಾಗ ಸೊನ್ನೆಯ ಎರಡು ಕಡೆಗೂ ಅಂಕಿಗಳು ಕಾಣುತ್ತವೆ. ಕೂಡು ಒಂದು ಎಂದರೆ ಬೆಳಕು ಎರಡರಷ್ಟು. ಕಳೆ ಒಂದು ಎಂದರೆ ಅರ್ಧ. ನಡುವೆ ಮೂರನೆಯ ಒಂದು ಪಾಲಿನ ಮೆಟ್ಟಿಲುಗಳಿರುತ್ತವೆ. ಮನೆಯ ಕೆಲಸಕ್ಕೆ ಎರಡು ಮೆಟ್ಟಿಲಿನಿಂದ ನಾಲ್ಕು ಮೆಟ್ಟಿಲಿನವರೆಗೆ ಸಾಕಾಗುತ್ತದೆ.

ಯಾವಾಗ ಕೂಡಬೇಕು, ಯಾವಾಗ ಕಳೆಯಬೇಕು? ಇಲ್ಲಿ ಹೊಸಬರ ಬುದ್ಧಿ ತಲೆಕೆಳಗಾಗುತ್ತದೆ. ಎದುರಿಗೆ ಬಿಳಿ ಹೆಚ್ಚಾಗಿದ್ದರೆ ಬೆಳಕು ಹೆಚ್ಚಾಯಿತು, ಕಳೆಯಬೇಕು ಎನ್ನಿಸುತ್ತದೆ. ಹಾಗಲ್ಲ. ಅಷ್ಟಮಿಯ ಬೆಳಿಗ್ಗೆ ನಮ್ಮ ಬೀದಿಯ ಬಂಗಾಳಿ ಬೌದಿಯರೂ ಅವರೊಡನೆ ನಮ್ಮ ಹೆಂಗಸರೂ ಕೆಂಪಂಚಿನ ಬಿಳಿ ಸೀರೆಯುಟ್ಟು ಪುಷ್ಪಾಂಜಲಿಗೆ ಸಾಲಾಗಿ ನಿಲ್ಲುತ್ತಾರೆ. ಕ್ಯಾಮರಾ ಅಷ್ಟು ಬಿಳುಪನ್ನು ಕಂಡು, ‘ಇದು ಸರಾಸರಿಗೆ ಮೀರಿತು’ ಎಂದು ತಾನೇ ಬೆಳಕನ್ನು ಕಡಿಮೆ ಮಾಡಿಬಿಡುತ್ತದೆ. ಸೀರೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಮುಖಗಳು ಇನ್ನೂ ಕೆಳಗಿಳಿಯುತ್ತವೆ. ಅದು ಕಳೆದುದನ್ನು ನಾವು ಕೂಡಿಕೊಡಬೇಕು: ಕೂಡು ಒಂದು. ಶರತ್ಕಾಲದಲ್ಲಿ ಜೋಕಾದ ಕಡೆಯ ಬಯಲಿನಲ್ಲಿ ಕಾಶದ ಹೂವಿನ ನಡುವೆ ಮಕ್ಕಳನ್ನು ನಿಲ್ಲಿಸಿ ಪಟ ತೆಗೆಯುವವರಿಗೂ ಇದೇ ಮಾತು.

ರಾತ್ರಿಯ ಮಂಟಪದಲ್ಲಿ ಇದರ ವಿರುದ್ಧ. ಸುತ್ತಲೂ ಕತ್ತಲೆ, ನಡುವೆ ದೇವಿಯ ಮುಖದ ಮೇಲೆ ಮಾತ್ರ ದೀಪ. ಕ್ಯಾಮರಾ ಕತ್ತಲೆಯನ್ನೇ ದೊಡ್ಡದಾಗಿ ಲೆಕ್ಕಹಾಕಿ, ಬೆಳಕನ್ನು ಏರಿಸಿ, ಕತ್ತಲೆಯನ್ನು ಬೂದಿಯನ್ನಾಗಿಯೂ ದೇವಿಯ ಮುಖವನ್ನು ಸುಣ್ಣದ ಉಂಡೆಯನ್ನಾಗಿಯೂ ಮಾಡುತ್ತದೆ. ಇಲ್ಲಿ ಕಳೆ ಮೂರನೆಯ ಎರಡು ಪಾಲು, ಇಲ್ಲವೆ ಕಳೆ ಒಂದು. ಕಪ್ಪು ಆಕಾಶದ ಮುಂದೆ ಸುಮಾರು ಒಂದು ಲಕ್ಷ ದೀಪಗಳಿಂದ ಹೊಳೆಯುವ ಮೈಸೂರು ಅರಮನೆಗೂ ಇದೇ ಸೂತ್ರ. ರಜದಲ್ಲಿ ಊರಿಗೆ ಹೋದಾಗ ಪರೀಕ್ಷಿಸಿ ನೋಡಬಹುದು.

ನಮ್ಮ ಬೆಹಾಲಾದಲ್ಲಿಯೇ ಎರಡು ಬಗೆಯ ಪೂಜೆಗಳೂ ಇವೆ. ಬರಿಷಾದ ಸಾವರ್ಣ ರಾಯ್‌ಚೌಧುರಿ ಮನೆತನದ ಪೂಜೆ ೧೬೧೦ರಿಂದ ನಡೆದುಬಂದಿದೆ ಎಂದು ಪರಂಪರೆ. ಅಲ್ಲಿನ ಅಟ್ಚಾಲಾದಲ್ಲಿ ಹಗಲು ಹೊತ್ತು ಹೋದರೆ ಬದಿಯಿಂದ ಬರುವ ಮೃದುವಾದ ಬೆಳಕು ಸಿಕ್ಕುತ್ತದೆ. ಗುಂಡಿಯನ್ನು ಮುಟ್ಟುವ ಪ್ರಮೇಯವೇ ಬಾರದಿರಬಹುದು. ಇನ್ನೊಂದು ಬಗೆ, ಕಲಾವಿದರು ಒಂದು ವಿಷಯವನ್ನು ಹಿಡಿದು ಕಟ್ಟುವ ಮಂಟಪಗಳು. ೨೦೨೦ರಲ್ಲಿ, ಆ ಕಷ್ಟದ ವರ್ಷದಲ್ಲಿ, ಬರಿಷಾ ಕ್ಲಬ್ಬಿನವರು ದೇವಿಯನ್ನು ಮಗುವನ್ನೆತ್ತಿಕೊಂಡು ನಡೆಯುವ ವಲಸೆ ಕಾರ್ಮಿಕ ತಾಯಿಯ ರೂಪದಲ್ಲಿ ನಿಲ್ಲಿಸಿದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಕಂಡಿರುತ್ತೀರಿ. ಹೊಟ್ಟೆಯ ಪಾಡಿಗೆ ಊರು ಬಿಟ್ಟ ನಮ್ಮಂಥವರ ಮನಸ್ಸಿಗೆ ಆ ಮೂರ್ತಿ ಹತ್ತಿರವಾಯಿತು. ಹೊಳೆಯುವ ಒಡವೆ ಆಯುಧಗಳಿಲ್ಲದ, ಮಣ್ಣಿನ ಬಣ್ಣದ ಅಂಥ ಮೂರ್ತಿಯನ್ನು ಕ್ಯಾಮರಾದ ಇಷ್ಟಕ್ಕೆ ಬಿಟ್ಟರೆ ಅದು ಬೆಳಕನ್ನೇರಿಸಿ ಅಂಗಡಿಯ ಬೊಂಬೆಯನ್ನಾಗಿ ಮಾಡೀತು. ಕಲಾವಿದ ಬೇಕೆಂದೇ ಉಳಿಸಿದ ಕತ್ತಲೆಯನ್ನು ನಾವೂ ಉಳಿಸಬೇಕಾದರೆ ಕಳೆಯುವ ಕಡೆಗೇ ಹೋಗಬೇಕು.

ಇನ್ನು ಹಗಲಿನ ಸಂಗತಿ. ಡೈಮಂಡ್ ಹಾರ್ಬರ್ ರಸ್ತೆಯ ಮೇಲೆ ೨೦೨೨ರ ಡಿಸೆಂಬರಿನಿಂದ ಮೆಟ್ರೋ ಓಡುತ್ತಿದೆ. ಅದರ ಸೇತುವೆಯ ಕೆಳಗೆ ನೆರಳು, ಆಚೆಗೆ ಕಣ್ಣು ಕುಕ್ಕುವ ಬಿಸಿಲು. ಚೌರಸ್ತಾದಲ್ಲಿ ನೆರಳಿನಲ್ಲಿ ಮಗುವನ್ನು ನಿಲ್ಲಿಸಿ ಬಿಸಿಲಿನ ರಸ್ತೆಯನ್ನು ಹಿನ್ನೆಲೆಯಾಗಿ ಹಿಡಿದರೆ ಮಗು ಕರಿಯ ನೆರಳಾಗುತ್ತದೆ. ಮನೆಯ ಕಿಟಕಿಗೆ ಬೆನ್ನು ಮಾಡಿ ಕುಳಿತ ಅಜ್ಜಿಗೂ ಇದೇ ಗತಿ. ಇದಕ್ಕೆ ಮೂರು ಉಪಾಯಗಳಿವೆ. ಒಂದು, ಮಗುವನ್ನು ತಿರುಗಿಸಿ ಬೆಳಕಿನ ಕಡೆಗೆ ಮುಖ ಮಾಡಿಸುವುದು, ಖರ್ಚಿಲ್ಲದ ಉಪಾಯ. ಎರಡು, ಕೂಡು ಒಂದು ಎಂದು ಹೇಳುವುದು. ರಸ್ತೆ ಬಿಳಿಚಿಕೊಂಡರೂ ಮುಖ ಉಳಿಯುತ್ತದೆ. ಮೂರು, ಮಗು ಹತ್ತಿರದಲ್ಲಿದ್ದರೆ ಫ್ಲಾಷನ್ನು ಹಗಲಿನಲ್ಲಿಯೇ ಹಾಕುವುದು. ಆಟೋ ಗುರುತಿನಲ್ಲಿ ಫ್ಲಾಷ್ ತಾನಾಗಿ ಬರದಿರಬಹುದು. ಮಿಂಚಿನ ಗುರುತನ್ನು ನಾವೇ ಆರಿಸಿಕೊಳ್ಳಬೇಕು. ನೋಡಿದವರಿಗೆ ವಿಚಿತ್ರವೆನಿಸಿದರೂ ಫ್ಲಾಷು ಹಗಲಿನಲ್ಲಿ ಮಾಡುವಷ್ಟು ಉಪಕಾರವನ್ನು ರಾತ್ರಿಯಲ್ಲಿ ಮಾಡುವುದಿಲ್ಲ.

ಫ್ಲಾಷಿನ ಕೈಯಳತೆ

ಏಕೆಂದರೆ ಪುಟ್ಟ ಕ್ಯಾಮರಾದ ಫ್ಲಾಷು ಮುಟ್ಟುವುದು ಹೆಚ್ಚೆಂದರೆ ಮೂರು ನಾಲ್ಕು ಮೀಟರು. ಬೆಳಕು ದೂರ ಹೋದಷ್ಟೂ ಹರಡಿಕೊಳ್ಳುತ್ತದೆ: ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲು, ನಾಲ್ಕರಷ್ಟಾದರೆ ಹದಿನಾರನೆಯ ಒಂದು ಪಾಲು. ಹಗ್ಗದ ಈಚೆ ನಿಂತು ೧೨ ಮೀಟರು ಆಚೆಯ ಪ್ರತಿಮೆಗೆ ಫ್ಲಾಷ್ ಹಾಕುವುದು ಗಂಗೆಯ ಈಚೆ ದಡದಲ್ಲಿ ದೀಪ ಹಚ್ಚಿ ಆಚೆ ದಡದಲ್ಲಿ ಪುಸ್ತಕ ಓದಿದಂತೆ. ಆದರೆ ಮುಂದೆ ನಿಂತವರ ತಲೆಗಳು ಮಾತ್ರ ಚೆನ್ನಾಗಿ ಬೆಳಗುತ್ತವೆ! ಧುನುಚಿ ನೃತ್ಯದಲ್ಲಿ ಸಾಮ್ರಾಣಿಯ ಹೊಗೆ ತುಂಬಿರುವಾಗ ಫ್ಲಾಷ್ ಹಾಕಿದರೆ ಹೊಗೆಯೇ ಬೆಳ್ಳನೆಯ ಪರದೆಯಾಗಿ ನೃತ್ಯ ಮಾಡುವವರು ಮಾಯವಾಗುತ್ತಾರೆ. ಬೆಂಡಿನ ಮತ್ತು ಜರತಾರಿಯ ಅಲಂಕಾರ ಅಲ್ಲಲ್ಲಿ ಚುಚ್ಚಿದಂತೆ ಹೊಳೆದು ವಿವರವೆಲ್ಲ ಅಳಿಸಿಹೋಗುತ್ತದೆ.

ಆದುದರಿಂದ ಮಂಟಪದೊಳಗೆ ಕಾಲಿಟ್ಟೊಡನೆ ಮಿಂಚಿನ ಮೇಲೆ ಗೆರೆ ಎಳೆದ ಗುರುತನ್ನು ಆರಿಸಿ ಫ್ಲಾಷನ್ನು ನಿಲ್ಲಿಸಿಬಿಡಿ. ಆಗ ಬೆಳಕು ಸಾಲದೆ ಕ್ಯಾಮರಾ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಕೈ ನಡುಗಿದರೆ ಚಿತ್ರವೂ ನಡುಗುತ್ತದೆ. ಅದಕ್ಕೆ ಮೊದಲ ಔಷಧ ಐ.ಎಸ್.ಓ. ಎಂಬ ಅಂಕಿ. ೧೦೦ ಇದ್ದುದನ್ನು ೨೦೦ ಮಾಡಿದರೆ ಅರ್ಧ ಹೊತ್ತು ಸಾಕು, ೪೦೦ಕ್ಕೆ ಕಾಲು ಹೊತ್ತು. ಆದರೆ ಪುಟ್ಟ ಕ್ಯಾಮರಾದ ಗ್ರಾಹಕ ಫಲಕ ಬೆರಳಿನ ಉಗುರಿಗಿಂತ ಚಿಕ್ಕದು. ಅಂಕಿಯನ್ನು ಏರಿಸಿದಷ್ಟೂ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳು ಕಾಳಾಗುತ್ತದೆ. ೪೦೦ಕ್ಕೆ ನಿಲ್ಲಿಸುವುದು ಮೇಲು. ತೀರ ಅವಶ್ಯವಾದರೆ ೮೦೦.

ಎರಡನೆಯ ಔಷಧ ಆಸರೆ. ಸರತಿಯ ಬಿದಿರಿನ ಕಟ್ಟೆಯ ಮೇಲೆ ಕ್ಯಾಮರಾವನ್ನು ಊರಿ, ಎರಡು ಸೆಕೆಂಡಿನ ಟೈಮರ್ ಇಟ್ಟು, ಗುಂಡಿ ಒತ್ತಿ ಕೈ ಸಡಿಲಿಸಿದರೆ, ಒತ್ತಿದ ಅಲುಗಾಟ ಅಡಗಿದ ಮೇಲೆ ಚಿತ್ರ ಬೀಳುತ್ತದೆ. ಮೂರನೆಯದು, ಜೂಮ್ ಮಾಡದಿರುವುದು. ಹೆಚ್ಚಿನ ಪುಟ್ಟ ಕ್ಯಾಮರಾಗಳಲ್ಲಿ ಲೆನ್ಸನ್ನು ಪೂರ್ತಿ ಮುಂದಕ್ಕೆ ಚಾಚಿದಾಗ ಒಳಗೆ ಬರುವ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಸರತಿ ಮುಂದೆ ಸಾಗುವವರೆಗೆ ಕಾದು ಹತ್ತಿರದಿಂದ ತೆಗೆಯುವುದೇ ಜಾಣತನ.

ಮಗುವನ್ನು ಮುಂದೆ ನಿಲ್ಲಿಸಿ ಹಿಂದೆ ದೀಪದ ತೋರಣವೂ ಬರಬೇಕಾದರೆ, ‘ಸ್ಲೋ ಸಿಂಕ್’ ಎಂಬ ಫ್ಲಾಷ್ ವಿಧಾನವಿದೆ. ಕೆಲವು ಕ್ಯಾಮರಾಗಳಲ್ಲಿ ಚಂದ್ರನ ಮುಂದೆ ಮನುಷ್ಯ ನಿಂತ ಗುರುತಾಗಿ ಕಾಣುತ್ತದೆ. ಫ್ಲಾಷು ಮಗುವನ್ನು ಬೆಳಗುತ್ತದೆ, ಆಮೇಲೂ ಕಣ್ಣು ತೆರೆದೇ ಇದ್ದು ಹಿಂದಿನ ದೀಪಗಳನ್ನು ಹೀರಿಕೊಳ್ಳುತ್ತದೆ. ಮಿಂಚಿದ ಕೂಡಲೇ ಮಗು ಓಡದಂತೆ ಎರಡೆಣಿಸುವವರೆಗೆ ನಿಲ್ಲಿಸಿಕೊಳ್ಳಬೇಕು. ಇದೊಂದು ಮಾತ್ರ ಯಾವ ಗುಂಡಿಯಿಂದಲೂ ಆಗುವ ಕೆಲಸವಲ್ಲ.

ರಾತ್ರಿ ಎಂದರೆ ನಡುರಾತ್ರಿಯೇ ಆಗಬೇಕೆಂದೇನೂ ಇಲ್ಲ. ಪೂಜೆಯ ದಿನಗಳಲ್ಲಿ ಇಲ್ಲಿ ಸಂಜೆ ಐದೂಕಾಲರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಮೈಸೂರಿಗಿಂತ ಸುಮಾರು ಮುಕ್ಕಾಲು ಗಂಟೆ ಮೊದಲು. ಮುಳುಗಿದ ಮೇಲಿನ ಅರ್ಧ ಗಂಟೆ ಆಕಾಶ ಕಡುನೀಲಿಯಾಗಿರುತ್ತದೆ, ದೀಪಗಳೂ ಹತ್ತಿರುತ್ತವೆ. ಎರಡು ಬೆಳಕುಗಳೂ ಸರಿಸಮನಾಗಿರುವ ಆ ಹೊತ್ತಿನಲ್ಲಿ ಎಂಥ ಹಳೆಯ ಕ್ಯಾಮರಾದಿಂದಲೂ ಒಳ್ಳೆಯ ಚಿತ್ರ ಬರುತ್ತದೆ. ಜನಸಂದಣಿಯೂ ಕಡಿಮೆ, ಮಕ್ಕಳಿಗಿನ್ನೂ ನಿದ್ದೆ ಬಂದಿರುವುದಿಲ್ಲ.

ಬಣ್ಣ ಮತ್ತು ಪಟ್ಟೆ

ಬೆಳಕಿಗೆ ಅಳತೆಯಿರುವಂತೆ ಬಣ್ಣವೂ ಇದೆ. ಹಳೆಯ ಬಲ್ಬಿನದು ಅರಿಶಿನ, ಟ್ಯೂಬ್‌ಲೈಟಿನದು ತುಸು ಹಸಿರು, ನೆರಳಿನದು ನೀಲಿ. ನಮ್ಮ ಕಣ್ಣು ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಕ್ಯಾಮರಾದಲ್ಲಿ ಆ ಕೆಲಸಕ್ಕೆ ವೈಟ್ ಬ್ಯಾಲೆನ್ಸ್ ಎಂಬ ಏರ್ಪಾಡಿದೆ. ಮೆನುವಿನಲ್ಲಿ ಸೂರ್ಯ, ಮೋಡ, ಬಲ್ಬು, ಕೊಳವೆದೀಪಗಳ ಚಿತ್ರಗಳಿರುತ್ತವೆ. ಮನೆಯೊಳಗೆ ಯಾವ ದೀಪವಿದೆಯೋ ಅದನ್ನು ಆರಿಸಿದರೆ ಮುಖದ ಬಣ್ಣ ಸಹಜವಾಗುತ್ತದೆ. ಬಣ್ಣಬಣ್ಣದ ಮಂಟಪದಲ್ಲಿ ಮಾತ್ರ ಸೂರ್ಯನ ಗುರುತಿಗೆ ಇಟ್ಟುಬಿಡುವುದು ಒಳ್ಳೆಯದು. ಅಲ್ಲಿನ ಕೆಂಪು ಕೆಂಪಾಗಿ, ನೀಲಿ ನೀಲಿಯಾಗಿ ಉಳಿಯುತ್ತದೆ. ಕ್ಯಾಮರಾ ಸರಿಪಡಿಸಲು ಹೋದರೆ ಕಲಾವಿದನ ಶ್ರಮವೇ ವ್ಯರ್ಥ.

ಚಂದನನಗರದ ಕುಶಲಿಗಳು ಹೆಣೆಯುವ ಎಲ್‌.ಇ.ಡಿ. ದೀಪಗಳು ಈಗ ಬೀದಿ ಬೀದಿಯಲ್ಲಿವೆ. ಇಂಥ ದೀಪಗಳ ಪಟದಲ್ಲಿ ಕೆಲವೊಮ್ಮೆ ಅಡ್ಡಡ್ಡಲಾಗಿ ಕಪ್ಪು ಪಟ್ಟೆಗಳು ಬಂದು ಕ್ಯಾಮರಾ ಕೆಟ್ಟಿತೆಂದು ಹೆದರುವವರುಂಟು. ಕೆಟ್ಟಿಲ್ಲ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಆವರ್ತಿಸುತ್ತದೆ, ಆದುದರಿಂದ ಅಗ್ಗದ ದೀಪಗಳು ಸೆಕೆಂಡಿಗೆ ೧೦೦ ಸಲ ಮಿಟುಕುತ್ತವೆ. ಕ್ಯಾಮರಾದ ಕಣ್ಣು ಅದಕ್ಕಿಂತ ಚುರುಕಾಗಿ ತೆರೆದು ಮುಚ್ಚಿದರೆ ಆ ಮಿಟುಕು ಪಟ್ಟೆಯಾಗಿ ಸಿಕ್ಕಿಬೀಳುತ್ತದೆ. ಷಟರಿನ ವೇಗವನ್ನು ಆರಿಸಿಕೊಳ್ಳಲು ಬರುವ ಕ್ಯಾಮರಾವಾದರೆ ಸೆಕೆಂಡಿನ ಐವತ್ತನೆಯ ಅಥವಾ ನೂರನೆಯ ಒಂದು ಪಾಲಿಗೆ ಇಡಿ. ಇಲ್ಲವಾದರೆ ಐ.ಎಸ್.ಓ. ಅಂಕಿಯನ್ನು ಇಳಿಸಿದರೂ ಕಣ್ಣು ನಿಧಾನವಾಗುತ್ತದೆ.

ಇನ್ನೊಂದು ಮೋಸವನ್ನೂ ತಿಳಿದಿರಬೇಕು. ಕತ್ತಲೆಯಲ್ಲಿ ನಿಂತು ಹಿಂಬದಿಯ ಪರದೆಯನ್ನು ನೋಡಿದರೆ ಚಿತ್ರ ಬಹಳ ಪ್ರಕಾಶಮಾನವಾಗಿ ಕಾಣುತ್ತದೆ. ಮನೆಗೆ ಬಂದು ನೋಡಿದರೆ ಮಂಕು. ಆದುದರಿಂದ ಮುಖ್ಯವಾದ ದೃಶ್ಯಕ್ಕೆ ಮೂರು ಚಿತ್ರ ತೆಗೆಯಿರಿ: ಸೊನ್ನೆ, ಕಳೆ, ಕೂಡು. ೩೬ ಚಿತ್ರಗಳ ರೀಲಿಗೆ ಜಿಪುಣತನ ಮಾಡುತ್ತಿದ್ದ ಕಾಲ ಈಗಿಲ್ಲ.

ಇಬ್ಬರು ಬಲ್ಲವರು

ಬೆಳಕನ್ನು ಬಳಸುವುದರಲ್ಲಿ ನಮ್ಮ ನಾಡಿಗೂ ಈ ನಾಡಿಗೂ ಒಂದು ನಂಟಿದೆ. ಮೈಸೂರಿನಲ್ಲಿ ೧೯೨೩ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರು ಗುರುದತ್ತರ ‘ಕಾಗಜ್ ಕೇ ಫೂಲ್’ (೧೯೫೯) ಚಿತ್ರಕ್ಕೆ ಛಾಯಾಗ್ರಾಹಕರು. ಸ್ಟುಡಿಯೋದ ಕತ್ತಲೆಯಲ್ಲಿ ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ನೋಡಿದವರು ಮರೆಯಲಾರರು. ಅದು ದೊಡ್ಡ ವಿದ್ಯುದ್ದೀಪದ ಪ್ರಭಾವವಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ತಂದದ್ದು. ಬಂಗಾಳದ ಜಮೀನುದಾರರ ಮನೆಯ ಕಥೆಯಾದ ‘ಸಾಹಿಬ್ ಬೀಬೀ ಔರ್ ಗುಲಾಮ್’ (೧೯೬೨) ಚಿತ್ರದ ನೆರಳು ಬೆಳಕೂ ಅವರದೇ. ೨೦೦೮ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು.

ಇತ್ತ ಕಲ್ಕತ್ತೆಯಲ್ಲಿ ಸುಬ್ರತ ಮಿತ್ರರು ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (೧೯೫೬) ಚಿತ್ರಕ್ಕಾಗಿ, ಸ್ಟುಡಿಯೋದಲ್ಲಿ ಕಟ್ಟಿದ ಕಾಶಿಯ ಮನೆಯ ಅಂಗಳದ ಮೇಲೆ ಬಿಳಿಯ ಬಟ್ಟೆ ಬಿಗಿಸಿ, ದೀಪಗಳನ್ನು ಆ ಬಟ್ಟೆಗೆ ಹಾಯಿಸಿದರು. ಬಟ್ಟೆಯಿಂದ ಮರಳಿ ಬಿದ್ದ ಬೆಳಕು ತೆರೆದ ಆಕಾಶದಿಂದ ಬಂದಂತೆಯೇ ಇತ್ತು. ಒಬ್ಬರದು ಕನ್ನಡಿ, ಒಬ್ಬರದು ಬಟ್ಟೆ; ಎರಡೂ ಮನೆಯಲ್ಲಿರುವ ಸಾಮಾನುಗಳೇ.

ನಾವೂ ಮಾಡಬಹುದು. ಬೊಂಬೆ ಕೂರಿಸಿದ ದಿನ ಬೆಳಿಗ್ಗೆ ಮಗಳನ್ನು ಕಿಟಕಿಯ ಪಕ್ಕಕ್ಕೆ, ಬೆಳಕು ಕೆನ್ನೆಗೆ ಬೀಳುವಂತೆ ಕೂರಿಸಿ. ಇನ್ನೊಂದು ಕೆನ್ನೆ ಕತ್ತಲಾಗುತ್ತದೆ. ಆ ಕಡೆ, ಚಿತ್ರದಲ್ಲಿ ಕಾಣದಂತೆ, ಯಾರಾದರೂ ಒಗೆದ ಬಿಳಿ ಪಂಚೆಯೊಂದನ್ನು ಅಗಲವಾಗಿ ಹಿಡಿದು ನಿಲ್ಲಲಿ. ಕತ್ತಲೆಯ ಕೆನ್ನೆ ಮೆಲ್ಲನೆ ಬೆಳಗುವುದನ್ನು ಕಣ್ಣಾರೆ ನೋಡಬಹುದು. ಪಂಚೆ ಹಿಡಿಯುವ ಕೆಲಸಕ್ಕೆ ಯಜಮಾನರು ಸರಿಯಾಗಿ ಒದಗುತ್ತಾರೆ.

ಮುಖದ ಬಣ್ಣ

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದ ಮಾತು. ಕೂಡುವ ಗುಂಡಿ ಮಗುವನ್ನು ಬೆಳ್ಳಗೆ ಮಾಡುವುದಕ್ಕಾಗಿ ಇರುವುದಲ್ಲ. ಬೆಳ್ಳನೆಯ ಚರ್ಮ ನಡುವಣ ಬೂದಿಗಿಂತ ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ, ಕಪ್ಪು ಚರ್ಮ ಕಡಿಮೆ. ಆದುದರಿಂದ ಕೃಷ್ಣವರ್ಣದ ಮಗುವಿನ ಮುಖವೇ ಚಿತ್ರವನ್ನು ತುಂಬುವಂತೆ ಹತ್ತಿರದಿಂದ ತೆಗೆದರೆ ಕ್ಯಾಮರಾ ತಾನಾಗಿಯೇ ಅದನ್ನು ತಿಳಿಯಾಗಿಸಿಬಿಡುತ್ತದೆ. ಆಗ ಕಳೆ ಮೂರನೆಯ ಒಂದು ಪಾಲು ಎಂದು ಹೇಳಿ ಅದರ ನಿಜವಾದ ಬಣ್ಣವನ್ನು ಕಾಪಾಡಬೇಕು. ಅದೇ ಮಗು ಬಿಳಿ ಗೋಡೆಯ ಮುಂದೆ ದೂರ ನಿಂತಿದ್ದರೆ ಕೂಡಬೇಕು. ಎರಡು ಕಡೆಯೂ ಗುರಿ ಒಂದೇ: ಕಣ್ಣು, ನಗೆ, ಹಣೆಯ ಕುಂಕುಮ ಸ್ಪಷ್ಟವಾಗಿ ಕಾಣಬೇಕು, ಬಣ್ಣ ಇದ್ದಂತೆ ಇರಬೇಕು.

ಇದು ಅಲ್ಪ ವಿಷಯವಲ್ಲ. ಫಿಲ್ಮಿನ ಕಾಲದಲ್ಲಿ ಕೊಡಕ್ ಸಂಸ್ಥೆಯವರು ಬಣ್ಣವನ್ನು ಹೊಂದಿಸಿಕೊಳ್ಳಲು ಮುದ್ರಣಾಲಯಗಳಿಗೆ ಕಳುಹಿಸುತ್ತಿದ್ದ ಮಾದರಿ ಚಿತ್ರದಲ್ಲಿ ಬಹುಕಾಲ ಇದ್ದವಳು ಬಿಳಿಯ ಹೆಂಗಸೇ. ಅವಳ ಮುಖ ಸರಿಬಂದರೆ ಎಲ್ಲರ ಮುಖವೂ ಸರಿ ಎಂದು ಲೆಕ್ಕ! ಈಗ ಎಷ್ಟೋ ಕ್ಯಾಮರಾಗಳಲ್ಲಿ ‘ಬ್ಯೂಟಿ’ ಎಂಬ ವಿಧಾನವನ್ನಿಟ್ಟು ಚರ್ಮವನ್ನು ನುಣ್ಣಗೆ, ಬೆಳ್ಳಗೆ ಮಾಡಿಕೊಡುತ್ತಾರೆ. ಅದನ್ನು ನಿಲ್ಲಿಸಿಡುವುದೇ ಲೇಸು. ಅಜ್ಜಿಯ ಮುಖದ ಸುಕ್ಕುಗಳನ್ನು ಅಳಿಸಿದ ಪಟ ಮುಂದೊಂದು ದಿನ ನಮಗೇ ಬೇಡವಾಗುತ್ತದೆ. ಮಗಳು ಎಣ್ಣೆಗೆಂಪಾಗಿದ್ದರೆ ಎಣ್ಣೆಗೆಂಪಾಗಿಯೇ ಊರಿಗೆ ಹೋಗಲಿ. ಸುಣ್ಣ ಬಳಿದ ಮುಖವನ್ನು ಕಳುಹಿಸಿ ಹೊಗಳಿಕೆ ಪಡೆದರೆ ಮಗುವಿಗೆ ತಿಳಿಯುವುದು ತನ್ನ ಸ್ವಂತ ಬಣ್ಣ ತೋರಿಸಲು ತಕ್ಕುದಲ್ಲ ಎಂಬ ಪಾಠ. ಅದನ್ನು ಮರೆಸಲು ಯಾವ ಗುಂಡಿಯೂ ಇಲ್ಲ.

ಈ ವಾರವೇ ಕ್ಯಾಮರಾವನ್ನು ಬೀರುವಿನಿಂದ ಇಳಿಸಿ, ಬ್ಯಾಟರಿ ತುಂಬಿಸಿ, ‘ಪಿ’ ಗುರುತಿಗೆ ತಿರುಗಿಸಿ, ಮನೆಯಲ್ಲಿ ಬಿಳಿಯ ಸೀರೆಯ ಮುಂದೆ ಒಂದು ಸಲ, ಕಪ್ಪು ಶಾಲಿನ ಮುಂದೆ ಒಂದು ಸಲ ಮಕ್ಕಳನ್ನು ನಿಲ್ಲಿಸಿ ಕೂಡು ಕಳೆಗಳನ್ನು ಅಭ್ಯಾಸ ಮಾಡಿಕೊಳ್ಳಿ. ಅರ್ಧ ಗಂಟೆಯ ಕೆಲಸ. ಷಷ್ಠಿಯ ಸಂಜೆ ಮಂಟಪದ ನೂಕುನುಗ್ಗಲಿನಲ್ಲಿ ಗುಂಡಿ ಹುಡುಕುತ್ತ ನಿಂತರೆ ಹಿಂದಿನವರು ಸುಮ್ಮನಿರಲಾರರು.

ಮುಂದಿನ ಸಂಚಿಕೆಯಲ್ಲಿ, ಈ ಊರಿನ ತೇವದ ಹವೆಯಿಂದ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಕ್ಯಾಮರಾವನ್ನು ಕಾಪಾಡುವ ಬಗೆಯನ್ನು ನೋಡೋಣ.